ಲೋಳೆಪೊರೆಯ ಉರಿಗೆ ಲೋಳೆಯ ಶಮನ: ಬೆಳಗಾವಿ–ಖಾನಾಪುರ ಪರಿಸರದ ಉಪಶಾಮಕ ದ್ರವ್ಯಗಳು

ಪ್ರವೇಶ

ಗಂಟಲು ಕೆರೆತಕ್ಕೆ ಜ್ಯೇಷ್ಠಮಧುವಿನ ತುಂಡು, ಹೊಟ್ಟೆಯ ಉರಿಗೆ ನೆನೆಸಿದ ಮೆಂತ್ಯ, ಬೇಸಗೆಯ ಉಷ್ಣಕ್ಕೆ ಕಾಮಕಸ್ತೂರಿ ಬೀಜದ ಪಾನಕ, ರಕ್ತಭೇದಿಗೆ ಬೂರುಗದ ಅಂಟು, ಮಲಬದ್ಧತೆಗೆ ಇಸಬಗೋಲು – ಇವೆಲ್ಲವೂ ಕನ್ನಡ ನಾಡಿನ ಮನೆಮದ್ದಿನ ಪರಂಪರೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವಂಥವು. ಮೇಲ್ನೋಟಕ್ಕೆ ಇವು ಬೇರೆ ಬೇರೆ ರೋಗಗಳಿಗೆ ಬೇರೆ ಬೇರೆ ಔಷಧಗಳೆಂದು ತೋರುತ್ತವೆ. ಆದರೆ ಇವುಗಳ ಕಾರ್ಯವಿಧಾನವನ್ನು ಪರಿಶೀಲಿಸಿದಾಗ ಎಲ್ಲದರ ಹಿಂದೆ ಒಂದೇ ತತ್ತ್ವ ಅಡಗಿರುವುದು ಕಂಡುಬರುತ್ತದೆ. ನೀರಿನೊಡನೆ ಸೇರಿ ಲೋಳೆಯಾಗುವ, ಆ ಲೋಳೆಯಿಂದ ಕೆರಳಿದ ಒಳಪೊರೆಯನ್ನು ಮುಚ್ಚಿ ತಣಿಸುವ ಗುಣವೇ ಆ ತತ್ತ್ವ. ಇಂತಹ ದ್ರವ್ಯಗಳನ್ನು ಆಧುನಿಕ ಔಷಧಶಾಸ್ತ್ರವು ‘ಡಿಮಲ್ಸೆಂಟ್’ ಎಂದು ಕರೆಯುತ್ತದೆ. ಮೆಲ್ಲನೆ ಸವರುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಈ ಪದ ಬಂದಿದೆ. ಕನ್ನಡದಲ್ಲಿ ಇದಕ್ಕೆ ‘ಉಪಶಾಮಕ’ ಎಂಬ ಪದವನ್ನು ಬಳಸಬಹುದು.

ಬೆಳಗಾವಿ ಜಿಲ್ಲೆ ಈ ವಿಷಯದ ಅಧ್ಯಯನಕ್ಕೆ ಅನುಕೂಲವಾದ ನೆಲೆಯಾಗಿದೆ. ಜಿಲ್ಲೆಯ ಪಶ್ಚಿಮದಲ್ಲಿ ಖಾನಾಪುರ ತಾಲೂಕಿನ ಸಹ್ಯಾದ್ರಿಯ ದಟ್ಟ ಕಾಡುಗಳಿವೆ. ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿ ಹಾಗೂ 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡ ಇಲ್ಲಿವೆ. ಪೂರ್ವಕ್ಕೆ ಸಾಗಿದಂತೆ ಮಳೆ ಕಡಿಮೆಯಾಗಿ ಗೋಕಾಕ, ಅಥಣಿ ಭಾಗದ ಬಯಲು ಹರಡಿಕೊಳ್ಳುತ್ತದೆ. ಹೀಗಾಗಿ ಮಲೆನಾಡಿನ ಮರದ ಲೋಳೆಯೂ ಬಯಲುನಾಡಿನ ಜಾಲಿಯ ಅಂಟೂ ಒಂದೇ ಜಿಲ್ಲೆಯಲ್ಲಿ ದೊರೆಯುತ್ತವೆ. ಇವೆರಡರ ನಡುವೆ ಇರುವ ಬೆಳಗಾವಿ ನಗರದಲ್ಲಿ ಸಾಂಪ್ರದಾಯಿಕ ವೈದ್ಯ ಮತ್ತು ಆಧುನಿಕ ವೈದ್ಯ ಎರಡನ್ನೂ ಕಲಿಸುವ, ಸಂಶೋಧಿಸುವ ಸಂಸ್ಥೆಗಳಿವೆ. ನಾಗನೂರು ರುದ್ರಾಕ್ಷಿಮಠವಿರುವ ಶಿವಬಸವ ನಗರ ಹಾಗೂ ವೈದ್ಯಕೀಯ ಸಂಸ್ಥೆಗಳಿರುವ ನೆಹರೂ ನಗರ ಒಂದಕ್ಕೊಂದು ಹೊಂದಿಕೊಂಡಿವೆ. ಸುತ್ತಲಿನ ಹಳ್ಳಿಗಳಿಂದ ಓದಲು ಬಂದವರೂ ಚಿಕಿತ್ಸೆಗೆ ಬಂದವರೂ ಸೇರುವ ಈ ಬಡಾವಣೆಗಳಲ್ಲಿ ಮನೆಮದ್ದಿನ ನೆನಪು ಹಾಗೂ ಆಸ್ಪತ್ರೆಯ ಔಷಧಚೀಟಿ ನಿತ್ಯವೂ ಎದುರುಬದುರಾಗುತ್ತವೆ.

ಉಪಶಾಮಕ ದ್ರವ್ಯಗಳ ಗುಣ ನಿಜವಾದದ್ದು. ಆದರೆ ಆ ಗುಣಕ್ಕೆ ಸ್ಪಷ್ಟವಾದ ಎಲ್ಲೆಯುಂಟು. ಅವು ಮುಟ್ಟಿದಲ್ಲಿ ಮಾತ್ರ, ಮುಟ್ಟಿರುವಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತವೆ. ಕೆರಳಿಕೆಯ ಕಾರಣವನ್ನು ತೆಗೆಯುವುದಿಲ್ಲ. ಈ ಗುಣ ಮತ್ತು ಈ ಎಲ್ಲೆ ಎರಡನ್ನೂ ನಿರೂಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಲೋಳೆಪೊರೆ ಮತ್ತು ಅದರ ಕೆರಳಿಕೆ

ದೇಹದ ಹೊರಮೈಯನ್ನು ಚರ್ಮ ಕಾಯುವಂತೆ ಒಳದಾರಿಗಳನ್ನು ಲೋಳೆಪೊರೆ ಕಾಯುತ್ತದೆ. ಬಾಯಿ, ಮೂಗು, ಗಂಟಲು, ಶ್ವಾಸನಾಳ, ಅನ್ನನಾಳ, ಜಠರ, ಕರುಳು, ಮೂತ್ರಮಾರ್ಗ, ಕಣ್ಣಿನ ಮೇಲ್ಪೊರೆ – ಇವೆಲ್ಲಕ್ಕೂ ಈ ಹಾಸು ಇದೆ. ಇದರ ಮೇಲೆ ತೆಳುವಾದ ಲೋಳೆಯ ಪದರವಿರುತ್ತದೆ. ಲೋಳೆಯ ಹೆಚ್ಚಿನ ಪಾಲು ನೀರು. ಸುಮಾರು ಶೇಕಡ 95ರಷ್ಟು. ಉಳಿದ ಅಲ್ಪಭಾಗದಲ್ಲಿರುವ ಮ್ಯೂಸಿನ್ ಎಂಬ ಪ್ರೋಟೀನುಗಳು ಆ ನೀರಿಗೆ ಹಿಡಿತ ಕೊಡುತ್ತವೆ. ಮ್ಯೂಸಿನ್ ಅಣು ಉದ್ದವಾದ ದಾರದಂತಿದ್ದು, ಅದರ ಉದ್ದಕ್ಕೂ ಸಕ್ಕರೆಯ ಕವಲುಗಳು ಬಾಟಲಿ ತೊಳೆಯುವ ಬ್ರಷ್ಷಿನ ಕೂದಲಿನಂತೆ ಹೊರಚಾಚಿರುತ್ತವೆ. ಈ ಕವಲುಗಳೇ ನೀರನ್ನು ಹಿಡಿದಿಡುತ್ತವೆ. ಶ್ವಾಸಮಾರ್ಗದಲ್ಲಿ ಧೂಳು ಮತ್ತು ಸೂಕ್ಷ್ಮಜೀವಿಗಳು ಈ ಪದರಕ್ಕೆ ಅಂಟಿಕೊಳ್ಳುತ್ತವೆ. ಅದರಡಿಯ ರೋಮಕಗಳು ಅವನ್ನು ಗಂಟಲಿನತ್ತ ತಳ್ಳುತ್ತವೆ. ಜಠರದಲ್ಲಿ ಇದೇ ಪದರ ಆಮ್ಲದಿಂದ ಗೋಡೆಯನ್ನು ಕಾಯುತ್ತದೆ.

ಸೋಂಕು, ಹೊಗೆ, ಧೂಳು, ಖಾರ, ಆಮ್ಲ ಅಥವಾ ಒಣಗಾಳಿಯಿಂದ ಈ ಪದರ ತೆಳುವಾದಾಗ ಇಲ್ಲವೇ ಹರಿದಾಗ ಅದರಡಿಯ ನರತುದಿಗಳು ಬಯಲಾಗುತ್ತವೆ. ಗಂಟಲಿನ ಸಂವೇದನೆಯನ್ನು ಒಂಬತ್ತನೆಯ ಮತ್ತು ಹತ್ತನೆಯ ಕಪಾಲನರಗಳು ಮಿದುಳಿಗೆ ಒಯ್ಯುತ್ತವೆ. ಆ ಸಂದೇಶ ಪ್ರಬಲವಾದಾಗ ಕೆಮ್ಮು ಹುಟ್ಟುತ್ತದೆ. ಕೆಮ್ಮಿನ ರಭಸದಿಂದ ಪೊರೆ ಮತ್ತಷ್ಟು ಕೆರಳುತ್ತದೆ. ಕೆರಳಿದ ಪೊರೆಯಿಂದ ಮತ್ತೆ ಕೆಮ್ಮು ಬರುತ್ತದೆ. ಕಫವಿಲ್ಲದ ಒಣಕೆಮ್ಮು ರಾತ್ರಿಯಿಡೀ ಕಾಡುವುದಕ್ಕೆ ಈ ಸುತ್ತು ಒಂದು ಮುಖ್ಯ ಕಾರಣ.

ಶಮನದ ಬಗೆ

ಸಸ್ಯಗಳ ಲೋಳೆ ಮತ್ತು ಅಂಟುಗಳು ರಾಸಾಯನಿಕವಾಗಿ ಬಹುಶರ್ಕರಗಳು, ಅಂದರೆ ಸಕ್ಕರೆಯ ಸಾವಿರಾರು ಘಟಕಗಳು ಸರಪಳಿಯಾಗಿ ಕೂಡಿದ ದೊಡ್ಡ ಅಣುಗಳು. ಮ್ಯೂಸಿನ್ನಿನ ಸಕ್ಕರೆಕವಲುಗಳಂತೆ ಇವೂ ನೀರನ್ನು ಹಿಡಿಯುತ್ತವೆ. ತೇವವಾದ ಮೈಗೆ ಅಂಟಿಕೊಳ್ಳುತ್ತವೆ. ಆದುದರಿಂದ ಉಪಶಾಮಕವು ದೇಹದ ಲೋಳೆಗೆ ಹೊರಗಿನಿಂದ ದೊರೆತ ತಾತ್ಕಾಲಿಕ ಬದಲಿ ಎಂದು ಹೇಳಬಹುದು. ಬಯಲಾದ ನರತುದಿಗಳ ಮೇಲೆ ಪದರ ಕಟ್ಟಿ ಸಂದೇಶದ ತೀವ್ರತೆಯನ್ನು ತಗ್ಗಿಸುವುದು, ನೀರು ಆರದಂತೆ ತಡೆಯುವುದು, ಚೀಪುವಾಗ ಜೊಲ್ಲನ್ನು ಹೆಚ್ಚಿಸಿ ನುಂಗುವಿಕೆಯ ಮೂಲಕ ಕೆಮ್ಮಿನ ಪ್ರಚೋದನೆಯನ್ನು ತಗ್ಗಿಸುವುದು – ಇವು ಮೂರು ಅದರ ಕೆಲಸಗಳು.

ಸಸ್ಯದ ಲೋಳೆಯ ಹಿಡಿಯುವ ಗುಣಕ್ಕೆ ಬೆಳಗಾವಿ ಸೀಮೆಯ ಕಬ್ಬಿನ ಗಾಣಗಳಲ್ಲಿ ಒಂದು ಉತ್ತಮ ನಿದರ್ಶನ ದೊರೆಯುತ್ತದೆ. ಬೆಲ್ಲ ಮಾಡುವಾಗ ಬೆಂಡೆಗಿಡದ ಕಾಂಡವನ್ನು ಜಜ್ಜಿ ನೀರಿನಲ್ಲಿ ಕಿವುಚಿ, ಆ ಲೋಳೆಯನ್ನು ಕಾಯುತ್ತಿರುವ ಕಬ್ಬಿನ ಹಾಲಿಗೆ ಹಾಕುವ ಕ್ರಮವಿದೆ. ಲೋಳೆಯ ಉದ್ದನೆಯ ಅಣುಗಳು ರಸದಲ್ಲಿ ತೇಲುವ ಸೂಕ್ಷ್ಮ ಕಲ್ಮಶವನ್ನು ಹಿಡಿದು ನೊರೆಯಾಗಿ ಮೇಲಕ್ಕೆ ತರುತ್ತವೆ. ಕೊಪ್ಪರಿಗೆಯಲ್ಲಿ ಕಲ್ಮಶಕ್ಕೆ ಅಂಟುವ ಇದೇ ಬಗೆಯ ಅಣು ಗಂಟಲಿನಲ್ಲಿ ಪೊರೆಗೆ ಅಂಟುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಸ್ಪರ್ಶ. ನುಂಗಿದ ಜೇನಾಗಲಿ ಕಷಾಯವಾಗಲಿ ಗಂಟಲನ್ನು ದಾಟಿ ಅನ್ನನಾಳಕ್ಕೆ ಹೋಗುತ್ತದೆಯೇ ಹೊರತು ಶ್ವಾಸನಾಳಕ್ಕೆ ಇಳಿಯುವುದಿಲ್ಲ. ಆದ್ದರಿಂದ ಗಂಟಲಿನಿಂದ ಹುಟ್ಟಿದ ಕೆಮ್ಮಿಗೆ ಅದು ಉಪಕಾರಿ. ಪುಪ್ಪುಸದ ಆಳದಿಂದ ಹುಟ್ಟಿದ ಕೆಮ್ಮಿಗೆ ಅದರ ಉಪಯೋಗ ಅಲ್ಪ. ಉರಿಮೂತ್ರದ ವಿಷಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ಬಯಲುಸೀಮೆಯ ಆನೆನೆಗ್ಗಿಲಿನ ಹಸಿಕೊಂಬೆಯನ್ನು ನೀರಿನಲ್ಲಿ ಕಲಕಿದರೆ ನೀರು ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತದೆ. ಅದನ್ನು ಉರಿಮೂತ್ರಕ್ಕೆ ಕುಡಿಸುವ ರೂಢಿ ಹಳೆಯದು. ಆದರೆ ಲೋಳೆಯ ದೊಡ್ಡ ಅಣುಗಳು ಕರುಳಿನಿಂದ ರಕ್ತಕ್ಕೆ ಸೇರಿ, ಅದೇ ರೂಪದಲ್ಲಿ ಮೂತ್ರಕೋಶವನ್ನು ತಲುಪಲಾರವು. ಅಲ್ಲಿ ದೊರೆಯುವ ಶಮನದಲ್ಲಿ ಲೋಳೆಯೊಡನೆ ಕುಡಿದ ನೀರಿನ ಪಾಲು ದೊಡ್ಡದೆಂದು ತಿಳಿಯಬೇಕಾಗುತ್ತದೆ.

ಕಾಡಿನ ಲೋಳೆ, ಬಯಲಿನ ಅಂಟು

ಖಾನಾಪುರದ ಕಾಡು ಹಾಗೂ ಕಾಡಂಚಿನ ಸಸ್ಯಗಳಲ್ಲಿ ಲೋಳೆಯ ಗುಣವುಳ್ಳವು ಹಲವು. ಅವುಗಳಲ್ಲಿ ಬೂರುಗ, ತಡಸಲು, ಎಡಮುರಿ ಹಾಗೂ ಕಾಡುಬೆಂಡೆಯ ಬಗೆಗಳು ಸಸ್ಯಶಾಸ್ತ್ರದ ದೃಷ್ಟಿಯಿಂದ ದಾಸವಾಳದ ವಿಶಾಲ ಕುಟುಂಬಕ್ಕೆ ಸೇರುತ್ತವೆ. ತೊಗಟೆ, ಎಲೆ, ಕಾಯಿಗಳಲ್ಲಿ ಲೋಳೆಯ ಕೋಶಗಳಿರುವುದು ಈ ಕುಟುಂಬದ ಲಕ್ಷಣ. ಅಡುಗೆಯ ಬೆಂಡೆಯೂ ಹಿತ್ತಿಲ ದಾಸವಾಳವೂ ಇದೇ ಬಳಗದವು. ಒಂದು ಕುಟುಂಬದ ಇಷ್ಟೊಂದು ಗಿಡಗಳು ಒಂದೇ ಬಗೆಯ ತೊಂದರೆಗೆ ಬಳಕೆಯಾಗಿರುವುದು ಆಕಸ್ಮಿಕವಲ್ಲ. ಕೈಗೆ ಲೋಳೆಯಾಗಿ ತಗುಲಿದ್ದನ್ನು ಉರಿಯ ಶಮನಕ್ಕೆ ಆಯ್ದುಕೊಂಡ ಜನರ ಅನುಭವ ಇದರ ಹಿಂದಿದೆ.

ಎಡಮುರಿಯ ತಿರುಚಿದ ಕಾಯಿ ಮಕ್ಕಳ ಹೊಟ್ಟೆನುಲಿತದ ಔಷಧವೆಂದು ಪ್ರಸಿದ್ಧ. ಮರಾಠಿಯಲ್ಲಿ ಇದಕ್ಕೆ ‘ಮುರುಡಶೇಂಗ’ ಎಂಬ ಹೆಸರಿದ್ದು, ಎರಡು ಭಾಷೆಗಳು ಬೆರೆತಿರುವ ಖಾನಾಪುರ ಭಾಗದಲ್ಲಿ ಎರಡೂ ಹೆಸರುಗಳು ಕೇಳಿಬರುತ್ತವೆ. ತಿರುಚಿದ ಕಾಯಿ ತಿರುಚುವ ನೋವಿಗೆ ಮದ್ದು ಎಂಬ ರೂಪಸಾದೃಶ್ಯದ ನಂಬಿಕೆಯೂ ಅದರ ಲೋಳೆ ಮತ್ತು ಒಗರಿನ ನಿಜಗುಣವೂ ಈ ಬಳಕೆಯಲ್ಲಿ ಕೂಡಿಕೊಂಡಿವೆ.

ಚಳ್ಳೆಯ ಮರ ಮತ್ತೊಂದು ಉದಾಹರಣೆ. ಇದರ ಹಣ್ಣಿನ ತಿರುಳು ಎಷ್ಟು ಅಂಟೆಂದರೆ ಮಕ್ಕಳು ಅದನ್ನು ಕಾಗದ ಅಂಟಿಸಲು ಬಳಸುವುದುಂಟು. ಸಂಸ್ಕೃತದಲ್ಲಿ ಇದರ ಹೆಸರು ‘ಶ್ಲೇಷ್ಮಾತಕ’. ಇದರ ಸಮೀಪಬಂಧುವಾದ ಮರಕ್ಕೆ ಪಾಶ್ಚಾತ್ಯ ಸಸ್ಯಶಾಸ್ತ್ರವು ಕೊಟ್ಟ ‘ಕಾರ್ಡಿಯಾ ಮಿಕ್ಸಾ’ ಎಂಬ ಹೆಸರಿನ ಎರಡನೆಯ ಪದವೂ ಗ್ರೀಕಿನಲ್ಲಿ ಲೋಳೆ ಎಂಬ ಅರ್ಥದ್ದು. ದೂರದ ಎರಡು ಪರಂಪರೆಗಳು ಒಂದೇ ಬಗೆಯ ಹಣ್ಣಿನಲ್ಲಿ ಒಂದೇ ಗುಣವನ್ನು ಗುರುತಿಸಿ ಹೆಸರಿಟ್ಟಿರುವುದು ಗಮನಾರ್ಹ. ಒಣಕೆಮ್ಮಿಗೆ ಈ ಹಣ್ಣಿನ ಲೋಳೆಯನ್ನು ಬಳಸುವುದು ಆಯುರ್ವೇದ ಮತ್ತು ಯುನಾನಿ ಎರಡರಲ್ಲಿಯೂ ಇದೆ.

ಬಯಲಿನ ಕಡೆಗೆ ಬಂದರೆ ದಾಗಡಿ ಬಳ್ಳಿಯ ಎಲೆ ಸಿಗುತ್ತದೆ. ಇದನ್ನು ನೀರಿನಲ್ಲಿ ಕಿವುಚಿ ಸೋಸಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಹಸಿರು ಗಸಿಯಂತೆ ಹೆಪ್ಪುಗಟ್ಟುತ್ತದೆ. ಸಕ್ಕರೆ ಬೆರೆಸಿ ತಂಪಿಗೆಂದು ಸೇವಿಸುತ್ತಾರೆ. ಕರಿಜಾಲಿಯ ಕಾಂಡದಿಂದ ಒಸರುವ ಅಂಟು ಈ ಸೀಮೆಯ ಇನ್ನೊಂದು ಮುಖ್ಯ ದ್ರವ್ಯ. ಜಾಲಿಯ ಕುಲದ ಅಂಟುಗಳು ನೀರಿನಲ್ಲಿ ಪೂರ್ಣವಾಗಿ ಕರಗುವುದರಿಂದ ಗಂಟಲಿನ ಚೀಪುಗುಳಿಗೆಗಳ ತಯಾರಿಕೆಯಲ್ಲಿ ಜಗತ್ತಿನಾದ್ಯಂತ ಬಳಕೆಗೆ ಬಂದಿವೆ.

ಇದೇ ಅಂಟು ಬೆಳಗಾವಿ ಜಿಲ್ಲೆಗೆ ಒಂದು ಪ್ರಸಿದ್ಧ ಸಿಹಿಯನ್ನೂ ಕೊಟ್ಟಿದೆ. ಗೋಕಾಕದ ‘ಕರದಂಟು’ ಎಂಬ ಹೆಸರಿನಲ್ಲಿಯೇ ‘ಕರಿದ ಅಂಟು’ ಎಂಬ ಅರ್ಥವಿದೆ. ತುಪ್ಪದಲ್ಲಿ ಅಂಟನ್ನು ಅರಳುವಂತೆ ಕರಿದು ಬೆಲ್ಲ, ಒಣಕೊಬ್ಬರಿ, ಒಣಹಣ್ಣುಗಳೊಡನೆ ಕೂಡಿಸಿ ಇದನ್ನು ಮಾಡುತ್ತಾರೆ. ಬಾಣಂತಿಗೆ ಕೊಡುವ ಅಂಟಿನ ಉಂಡಿಯೂ ಇದೇ ಬಗೆಯದು. ಆದರೆ ಇವುಗಳಲ್ಲಿ ಅಂಟು ಆಹಾರವಾಗಿ ಸೇರುತ್ತದೆ. ನೀರಿನಲ್ಲಿ ಕರಗಿ ಗಂಟಲಿನ ಮೇಲೆ ಹರಡುವ ಪದರದ ಪಾತ್ರವನ್ನು ಅಲ್ಲಿ ಅದು ವಹಿಸುವುದಿಲ್ಲ. ದ್ರವ್ಯ ಒಂದೇ ಆದರೂ ಬಳಸುವ ಕ್ರಮ ಬದಲಾದರೆ ಗುಣವೂ ಬದಲಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಕಾಡು, ಬಯಲುಗಳ ಈ ದ್ರವ್ಯಗಳ ಜೊತೆಗೆ ದೂರದಿಂದ ಬಂದು ಇಲ್ಲಿಯವೇ ಎಂಬಂತಾದ ವಸ್ತುಗಳೂ ಇವೆ. ಇಸಬಗೋಲು ಮುಖ್ಯವಾಗಿ ಗುಜರಾತ, ರಾಜಸ್ಥಾನಗಳ ಬೆಳೆ. ಬೀಜದ ಆಕಾರದಿಂದಾಗಿ ಅದಕ್ಕೆ ‘ಕುದುರೆಯ ಕಿವಿ’ ಎಂಬ ಅರ್ಥದ ಪಾರಸಿ ಹೆಸರು ಬಂದಿದೆ. ಜ್ಯೇಷ್ಠಮಧು ಮಧ್ಯ ಹಾಗೂ ಪಶ್ಚಿಮ ಏಷ್ಯಾದ ಒಣನೆಲದ ಗಿಡದ ಬೇರು. ಭಾರತಕ್ಕೆ ಅದು ಬಹುಪಾಲು ಹೊರಗಿನಿಂದಲೇ ಬರುತ್ತದೆ. ಗಾವಟಿ ಔಷಧದ ಅಂಗಡಿಗಳಲ್ಲಿ ಇವೆರಡೂ ಎಡಮುರಿಯ ಪಕ್ಕದಲ್ಲಿಯೇ ದೊರೆಯುತ್ತವೆ. ನಾಟಿ ವೈದ್ಯವೆಂಬುದು ಕೇವಲ ಸ್ಥಳೀಯ ಸಸ್ಯಗಳಿಂದಾದ ಪರಂಪರೆಯಲ್ಲ. ಪ್ರಾಚೀನ ವ್ಯಾಪಾರದ ದಾರಿಗಳೂ ಅದನ್ನು ರೂಪಿಸಿವೆ.

ಶಾಸ್ತ್ರಗಳ ನಿರೂಪಣೆ

ಆಯುರ್ವೇದವು ದ್ರವ್ಯಗುಣಗಳನ್ನು ಹೇಳುವಾಗ ‘ಪಿಚ್ಛಿಲ’ ಎಂಬ ಗುಣವನ್ನು ಪ್ರತ್ಯೇಕವಾಗಿ ಗುರುತಿಸಿದೆ. ಲೋಳೆಯಾಗಿರುವುದು, ಅಂಟಿಕೊಳ್ಳುವುದು ಇದರ ಲಕ್ಷಣ. ಇದಕ್ಕೆ ವಿರುದ್ಧವಾದದ್ದು ‘ವಿಶದ’ ಗುಣ. ಚರಕಸಂಹಿತೆಯು ಗಂಟಲಿಗೆ ಹಿತವಾದ ಹತ್ತು ದ್ರವ್ಯಗಳನ್ನು ‘ಕಂಠ್ಯ’ವೆಂಬ ಗಣದಲ್ಲಿ ಕೂಡಿಸಿದ್ದು, ಯಷ್ಟಿಮಧು ಅಂದರೆ ಜ್ಯೇಷ್ಠಮಧು, ದ್ರಾಕ್ಷಿ, ಕಬ್ಬಿನ ಬೇರುಗಳು ಅದರಲ್ಲಿ ಸೇರಿವೆ. ಅದೇ ಗಣದಲ್ಲಿ ಹಿಪ್ಪಲಿಯಂತಹ ಖಾರದ ದ್ರವ್ಯವೂ ಇರುವುದರಿಂದ ಕಂಠ್ಯವೆಂಬುದು ಉಪಶಾಮಕಕ್ಕಿಂತ ವಿಶಾಲವಾದ ಪರಿಕಲ್ಪನೆ ಎಂಬುದು ಸ್ಪಷ್ಟವಾಗುತ್ತದೆ.

ಸ್ಪರ್ಶದ ತತ್ತ್ವವನ್ನು ಶಾಸ್ತ್ರಕಾರರು ಅರಿತಿದ್ದರೆಂಬುದಕ್ಕೆ ‘ಪಿಚ್ಛಾಬಸ್ತಿ’ ಉತ್ತಮ ಸಾಕ್ಷಿ. ರಕ್ತ ಬೀಳುವ ಅತಿಸಾರಕ್ಕೆ ಬೂರುಗದ ಹಸಿ ತೊಟ್ಟುಗಳನ್ನು ಬೇಯಿಸಿ ಕುಟ್ಟಿ, ಹಾಲಿನಲ್ಲಿ ಕದಡಿ, ಸ್ನೇಹದ್ರವ್ಯಗಳೊಡನೆ ಗುದಮಾರ್ಗದಿಂದ ಕೊಡುವ ಚಿಕಿತ್ಸೆ ಇದು. ದೊಡ್ಡಕರುಳಿನ ಕೆರಳಿದ ಪೊರೆಗೆ ಲೋಳೆಯನ್ನು ನೇರವಾಗಿ ಮುಟ್ಟಿಸುವುದು ಇದರ ಉದ್ದೇಶ. ಬಾಯಿಯಿಂದ ಕೊಟ್ಟದ್ದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಗುಣಗೆಡಬಹುದೆಂಬ ವಿವೇಚನೆ ಇದರಲ್ಲಿ ಅಡಕವಾಗಿದೆ.

ಪರೀಕ್ಷೆಗೆ ಒಳಗಾದ ದ್ರವ್ಯಗಳು

ಮನೆಮದ್ದಿನ ಉಪಶಾಮಕಗಳಲ್ಲಿ ಕೆಲವನ್ನು ಆಧುನಿಕ ಪದ್ಧತಿಯಂತೆ ಪರೀಕ್ಷಿಸಲಾಗಿದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 105 ಮಕ್ಕಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಲಗುವ ಮುನ್ನ ಜೇನು ಪಡೆದ ಮಕ್ಕಳ ರಾತ್ರಿಯ ಕೆಮ್ಮು ಏನನ್ನೂ ಪಡೆಯದ ಮಕ್ಕಳಿಗಿಂತ ಹೆಚ್ಚು ತಗ್ಗಿತ್ತು. ಕೆಮ್ಮಿಗೆ ಬಳಸುವ ಡೆಕ್ಸ್ಟ್ರೊಮೆಥಾರ್ಫನ್ ಎಂಬ ಔಷಧಕ್ಕಿಂತ ಜೇನು ಕಡಿಮೆಯೆಂದು ಕಾಣಲಿಲ್ಲ. ಇಸ್ರೇಲಿನಲ್ಲಿ 300 ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಖರ್ಜೂರದ ಪಾಕಕ್ಕೆ ಹೋಲಿಸಿದಾಗಲೂ ಜೇನಿನ ಫಲ ಹೆಚ್ಚಿತ್ತು.

ಜ್ಯೇಷ್ಠಮಧುವಿನ ವಿಷಯದಲ್ಲಿ ಭಾರತದ್ದೇ ಒಂದು ಉದಾಹರಣೆಯಿದೆ. ಶಸ್ತ್ರಚಿಕಿತ್ಸೆಯ ವೇಳೆ ಉಸಿರಾಟಕ್ಕಾಗಿ ಶ್ವಾಸನಾಳದಲ್ಲಿ ಇರಿಸುವ ನಳಿಕೆಯಿಂದ ರೋಗಿಯ ಗಂಟಲು ಕೆರಳುತ್ತದೆ. ಲಖನೌದಲ್ಲಿ 40 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರಿವಳಿಕೆಗೆ ಮುನ್ನ ಜ್ಯೇಷ್ಠಮಧುವಿನ ನೀರಿನಿಂದ ಬಾಯಿ ಮುಕ್ಕಳಿಸಿದವರಲ್ಲಿ ಗಂಟಲುನೋವು ಕಡಿಮೆಯಿತ್ತು. ವಿಯೆನ್ನಾದಲ್ಲಿ 236 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನು ಸಮರ್ಥಿಸಿತು. ಅಜ್ಜಿಯರು ಮಕ್ಕಳ ಬಾಯಿಗೆ ಇಡುತ್ತಿದ್ದ ಬೇರು ಶಸ್ತ್ರಚಿಕಿತ್ಸೆಯ ಕೊಠಡಿಯವರೆಗೆ ಬಂದುದಕ್ಕೆ ಇದು ನಿದರ್ಶನ. ಜ್ಯೇಷ್ಠಮಧುವಿನಲ್ಲಿ ಲೋಳೆಯ ಜೊತೆಗೆ ಉರಿಯೂತವನ್ನು ತಗ್ಗಿಸುವ ಅಂಶಗಳೂ ಇರುವುದರಿಂದ ಅದರ ಫಲವನ್ನು ಕೇವಲ ಪದರದ ಫಲವೆನ್ನಲಾಗದು.

ವಿಶ್ವ ಆರೋಗ್ಯ ಸಂಸ್ಥೆಯು ಚಿಕ್ಕಮಕ್ಕಳ ಕೆಮ್ಮು-ನೆಗಡಿಯ ಔಷಧಗಳನ್ನು ಕುರಿತು 2001ರಲ್ಲಿ ಹೊರತಂದ ವರದಿಯಲ್ಲಿ, ಗಂಟಲನ್ನು ತಣಿಸಲು ಮನೆಯಲ್ಲಿ ದೊರೆಯುವ ಅಪಾಯರಹಿತ, ಅಗ್ಗದ ಉಪಶಾಮಕಗಳನ್ನು ಪುರಸ್ಕರಿಸಿತು. ತಾಯಿಯ ಹಾಲನ್ನಷ್ಟೇ ಕುಡಿಯುವ ಶಿಶುವಿಗೆ ಆ ಹಾಲೇ ಉಪಶಾಮಕ ಎಂಬುದು ಅದರ ನಿಲುವು. ಆಧುನಿಕ ವೈದ್ಯದಲ್ಲಿ ಉಪಶಾಮಕದ ಪರಿಕಲ್ಪನೆ ಇಂದಿಗೂ ಜೀವಂತವಾಗಿರುವುದಕ್ಕೆ ಕಣ್ಣಿನ ಹನಿಗಳು ಇನ್ನೊಂದು ಸಾಕ್ಷಿ. ಒಣಗಣ್ಣಿಗೆ ಬಳಸುವ ಕೃತಕ ಕಣ್ಣೀರಿನಲ್ಲಿರುವ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಸಹ ಸಸ್ಯಮೂಲದ ಸರಪಳಿಯಣುವನ್ನು ಮಾರ್ಪಡಿಸಿ ಪಡೆದದ್ದೇ ಆಗಿದೆ.

ಎಚ್ಚರದ ಎಲ್ಲೆಗಳು

ಲೋಳೆಯ ಪದರ ಉರಿಗೂ ಔಷಧಕ್ಕೂ ಭೇದವೆಣಿಸುವುದಿಲ್ಲ. ಇಸಬಗೋಲಿನಂತಹ ದ್ರವ್ಯಗಳು ಕರುಳಿನಲ್ಲಿ ಇತರ ಔಷಧಗಳನ್ನು ಹಿಡಿದಿಟ್ಟು ಅವು ರಕ್ತಕ್ಕೆ ಸೇರುವುದನ್ನು ತಡೆಯಬಲ್ಲವು. ಆದ್ದರಿಂದ ಎರಡರ ನಡುವೆ ಕೆಲವು ಗಂಟೆಗಳ ಅಂತರವಿರಬೇಕು. ಸಾಕಷ್ಟು ನೀರಿಲ್ಲದೆ ಇಸಬಗೋಲನ್ನು ನುಂಗಿದರೆ ಅದು ಅನ್ನನಾಳದಲ್ಲಿಯೇ ಉಬ್ಬಿ ಸಿಕ್ಕಿಕೊಳ್ಳುವ ಅಪಾಯವೂ ಇದೆ.

ಜ್ಯೇಷ್ಠಮಧುವಿನ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ಸಕ್ಕರೆಗಿಂತ ಸುಮಾರು 50 ಪಟ್ಟು ಸಿಹಿಯಾದದ್ದು. ಇದನ್ನು ಹೆಚ್ಚು ಪ್ರಮಾಣದಲ್ಲಿ ದಿನಗಟ್ಟಲೆ ಸೇವಿಸಿದರೆ ದೇಹದಲ್ಲಿ ಉಪ್ಪು ಮತ್ತು ನೀರು ಉಳಿದು ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಮೂತ್ರಪಿಂಡದಲ್ಲಿ ಕಾರ್ಟಿಸಾಲನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ಈ ದ್ರವ್ಯ ತಡೆಯುವುದು ಇದಕ್ಕೆ ಕಾರಣ. ಹಾಲೆಂಡಿನ ವೈದ್ಯ ರೆವರ್ಸ್ 1946ರಲ್ಲಿಯೇ ಜಠರದ ಹುಣ್ಣಿಗೆ ಜ್ಯೇಷ್ಠಮಧುವಿನ ಫಲವನ್ನೂ ಅದರಿಂದ ಬರುವ ಬಾವನ್ನೂ ಒಟ್ಟಿಗೆ ವರದಿ ಮಾಡಿದ್ದನು. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆಯುಳ್ಳವರು ಮತ್ತು ಗರ್ಭಿಣಿಯರು ಇದನ್ನು ವೈದ್ಯರ ಸಲಹೆಯಿಲ್ಲದೆ ನಿತ್ಯವೂ ಬಳಸುವುದು ತರವಲ್ಲ.

ಶಿಶುಗಳ ವಿಷಯ ಇನ್ನೂ ಸೂಕ್ಷ್ಮವಾದುದು. ಜ್ಯೇಷ್ಠಮಧು, ಬಜೆ, ಎಡಮುರಿ ಮೊದಲಾದವುಗಳನ್ನು ಸಾಣೆಕಲ್ಲಿನ ಮೇಲೆ ತೇಯ್ದು ಹಸುಗೂಸಿಗೆ ನೆಕ್ಕಿಸುವ ‘ಬಾಳಗುಟಿ’ಯ ರೂಢಿ ಗಡಿಭಾಗದಲ್ಲಿ ಸಾಮಾನ್ಯ. ಮೊದಲ ಆರು ತಿಂಗಳು ಶಿಶುವಿಗೆ ತಾಯಿಯ ಹಾಲಿನ ಹೊರತು ಬೇರೇನೂ ಬೇಡವೆಂಬುದು ಇಂದಿನ ವೈದ್ಯಕೀಯ ಸಮ್ಮತಿ. ಒಂದು ವರ್ಷದೊಳಗಿನ ಮಗುವಿಗೆ ಜೇನನ್ನು ಕೊಡಲೇಬಾರದು. ಜೇನಿನಲ್ಲಿ ಇರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಗಳು ಶಿಶುವಿನ ಕರುಳಿನಲ್ಲಿ ಮೊಳೆತು ನರಗಳನ್ನು ಸ್ತಬ್ಧಗೊಳಿಸುವ ವಿಷವನ್ನು ಉಂಟುಮಾಡಬಲ್ಲವು. ದೊಡ್ಡ ಮಗುವಿಗೆ ಉಪಕಾರಿಯಾದದ್ದು ಕೂಸಿಗೆ ಮಾರಕವಾಗಬಹುದು.

ಅಂಗಡಿಯ ಸಿರಪ್ಪುಗಳಿಗೆ ಸಂಬಂಧಿಸಿದ ಅಪಾಯ ಮತ್ತೊಂದು ಬಗೆಯದು. ಸಿರಪ್ಪಿಗೆ ಮಂದತೆಯನ್ನೂ ಸಿಹಿಯನ್ನೂ ಕೊಡುವ ಗ್ಲಿಸರಿನ್ ಒಂದು ಉಪಶಾಮಕ. ಕೈಗಾರಿಕೆಯಲ್ಲಿ ಬಳಸುವ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷವೂ ಹಾಗೆಯೇ ಮಂದ, ಹಾಗೆಯೇ ಸಿಹಿ. ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲಿನಲ್ಲಿ ಇದು ಕಲಬೆರಕೆಯಾದರೆ ಮೂತ್ರಪಿಂಡಗಳು ನಾಶವಾಗುತ್ತವೆ. 1937ರಲ್ಲಿ ಅಮೆರಿಕದಲ್ಲಿ ಈ ವಿಷವನ್ನೇ ದ್ರಾವಕವಾಗಿ ಬಳಸಿದ ಸಲ್ಫಾ ಔಷಧದಿಂದ ನೂರಕ್ಕೂ ಹೆಚ್ಚು ಜನ ಸತ್ತರು. 1986ರಲ್ಲಿ ಮುಂಬಯಿಯ ಸರಕಾರಿ ಆಸ್ಪತ್ರೆಯೊಂದರಲ್ಲಿ ಕಲಬೆರಕೆಯ ಗ್ಲಿಸರಿನ್ ಸೇವಿಸಿದ 14 ರೋಗಿಗಳು ಅಸುನೀಗಿದರು. 2022ರಲ್ಲಿ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳ ಸಾವು ಭಾರತದಲ್ಲಿ ತಯಾರಾದ ಸಿರಪ್ಪುಗಳೊಡನೆ ತಳಕು ಹಾಕಿಕೊಂಡಿತು. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾ ಜಿಲ್ಲೆಯಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಇದೇ ವಿಷಕ್ಕೆ ಬಲಿಯಾದರು. ಸಿಹಿ ಮತ್ತು ಲೋಳೆ – ಯಾವ ಎರಡು ಗುಣಗಳಿಂದ ಜನ ಶತಮಾನಗಳ ಕಾಲ ಹಿತದ್ರವ್ಯವನ್ನು ಗುರುತಿಸುತ್ತ ಬಂದರೋ ಅವೆರಡನ್ನೂ ಈ ವಿಷ ಅನುಕರಿಸುತ್ತದೆ. ಇದನ್ನು ನಾಲಗೆ ಪತ್ತೆಹಚ್ಚಲಾರದು. ಪ್ರಯೋಗಾಲಯ ಮಾತ್ರ ಪತ್ತೆಹಚ್ಚಬಲ್ಲದು.

ಶಮನದ ಮರೆಯಲ್ಲಿ ಉಳಿಯುವ ಕಾರಣ

ಎಲ್ಲಕ್ಕಿಂತ ವ್ಯಾಪಕವಾದ ಅಪಾಯವೆಂದರೆ ಶಮನವನ್ನೇ ಚಿಕಿತ್ಸೆಯೆಂದು ಭಾವಿಸುವುದು. ನೆಗಡಿಯ ಕೆಮ್ಮು ತಾನಾಗಿಯೇ ವಾಸಿಯಾಗುವಂಥದು; ಅದು ವಾಸಿಯಾಗುವವರೆಗೆ ನಿದ್ದೆ ಕೊಡುವ ಉಪಶಾಮಕ ನಿಜವಾದ ಉಪಕಾರವನ್ನೇ ಮಾಡುತ್ತದೆ. ಆದರೆ ಎರಡು ವಾರ ಮೀರಿದ ಕೆಮ್ಮು ಕ್ಷಯದ ಸೂಚನೆಯಾಗಿರಬಹುದಾದ್ದರಿಂದ ಕಫಪರೀಕ್ಷೆ ಅಗತ್ಯ. ಜ್ಯೇಷ್ಠಮಧುವಿನಿಂದ ಗಂಟಲು ಹಿತವಾಯಿತೆಂದು ಆ ಪರೀಕ್ಷೆಯನ್ನು ಮುಂದೂಡಿದರೆ ರೋಗಿಗೂ ಮನೆಮಂದಿಗೂ ಹಾನಿ. ಹಾಗೆಯೇ ನೆನೆಸಿದ ಮೆಂತ್ಯದಿಂದ ತಗ್ಗಿದ ಹೊಟ್ಟೆಯುರಿಯ ಹಿಂದೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣುವಿನಿಂದಾದ ಹುಣ್ಣಿರಬಹುದು. ರಕ್ತ ಬೀಳುವ ಭೇದಿಯ ಹಿಂದೆ ತುರ್ತು ಚಿಕಿತ್ಸೆ ಬೇಕಾದ ಸೋಂಕು ಇರಬಹುದು.

ದುಡಿಮೆಯಿಂದ ಬರುವ ಕೆರಳಿಕೆಯನ್ನೂ ಇಲ್ಲಿ ಪರಿಗಣಿಸಬೇಕು. ಜಿಲ್ಲೆಯ ನಿಪ್ಪಾಣಿ ತಂಬಾಕಿನ ವ್ಯವಹಾರಕ್ಕೆ ಹೆಸರಾದದ್ದು. ಅಲ್ಲಿ ತಂಬಾಕನ್ನು ಕುಟ್ಟಿ ಸೋಸುವ ಕೆಲಸದಲ್ಲಿ ಏಳುವ ಘಾಟು ಕಣ್ಣು, ಮೂಗು, ಗಂಟಲನ್ನು ಉರಿಸುತ್ತದೆ. ಖಾನಾಪುರದ ಜೇಡಿಮಣ್ಣು ಹೆಂಚು, ಇಟ್ಟಿಗೆ ಮತ್ತು ಮಡಕೆಯ ಕಸುಬುಗಳಿಗೆ ಆಧಾರವಾಗಿದೆ. ಮಣ್ಣಿನ ಧೂಳು, ಭಟ್ಟಿಯ ಹೊಗೆ, ಕಬ್ಬಿನ ಗಾಣದ ಒಲೆ, ಕಾಡಂಚಿನ ಮನೆಗಳ ಸೌದೆಯೊಲೆ – ಇವು ನಿತ್ಯವೂ ಪೊರೆಯನ್ನು ಕೆರಳಿಸುತ್ತವೆ. ಧೂಳಿನ ಕೆಲಸ ಮಾಡುವವರು ಬೆಲ್ಲವನ್ನು ಬಾಯಲ್ಲಿಟ್ಟು ಚಪ್ಪರಿಸುವ ವಾಡಿಕೆ ನಾಡಿನ ಹಲವೆಡೆ ಇದೆ. ಬೆಲ್ಲ ಗಂಟಲನ್ನು ನೆನೆಸುತ್ತದೆ. ಪುಪ್ಪುಸವನ್ನು ಸೇರಿದ ಸಿಲಿಕಾ ಕಣವನ್ನು ಅದು ಹೊರತರಲಾರದು. ಮುಖಗವಸು, ಗಾಳಿ ಹೋಗುವ ಕಿಂಡಿ, ಹೊಗೆಕೊಳವೆ ಹಾಗೂ ನಿಯತಕಾಲಿಕ ತಪಾಸಣೆಗಳು ಮಾಡಬೇಕಾದ ಕೆಲಸವನ್ನು ಒಂದು ಬೆಲ್ಲದ ಹೆಂಟೆಯ ಮೇಲೆ ಹೊರಿಸಲಾಗದು.

ಅಧ್ಯಯನದ ನೆಲೆಗಳು

ಬೆಳಗಾವಿಯಲ್ಲಿ ಈ ಜ್ಞಾನವನ್ನು ದಾಖಲಿಸಿ ಪರೀಕ್ಷಿಸುವ ಸಾಮರ್ಥ್ಯವುಳ್ಳ ಸಂಸ್ಥೆಗಳಿವೆ. ಶಹಾಪುರದ ಕೆ.ಎಲ್.ಇ. ಸಂಸ್ಥೆಯ ಶ್ರೀ ಬಿ.ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯ 1933ರಲ್ಲಿ ಆರಂಭಗೊಂಡಿತು. ನೆಹರೂ ನಗರದ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯ 1963ರಿಂದ ಕೆಲಸ ಮಾಡುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2006ರಲ್ಲಿ ಇಲ್ಲಿ ಪ್ರಾದೇಶಿಕ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿತು. ಅದೇ ಮುಂದೆ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯ ಸಂಸ್ಥೆಯಾಯಿತು. ಗ್ರಂಥಸ್ಥವಲ್ಲದ, ಬಾಯಿಂದ ಬಾಯಿಗೆ ಬಂದ ಬೆಳಗಾವಿ ಸೀಮೆಯ ವೈದ್ಯಪದ್ಧತಿಗಳನ್ನು ಕುರಿತು ಈ ಕೇಂದ್ರದ ಸಂಶೋಧಕರು 2014ರಲ್ಲಿ ಲೇಖನವನ್ನು ಪ್ರಕಟಿಸಿದ್ದಾರೆ.

ಉಪಶಾಮಕ ದ್ರವ್ಯಗಳ ಮಟ್ಟಿಗೆ ಆಗಬೇಕಾದ ಕೆಲಸ ಮೂರು ಬಗೆಯದು. ಮೊದಲನೆಯದು, ಖಾನಾಪುರದ ಕಾಡಂಚಿನ ಊರುಗಳಲ್ಲಿ ಬಳಕೆಯಲ್ಲಿರುವ ಲೋಳೆಸಸ್ಯಗಳ ಹೆಸರು, ಬಳಸುವ ಭಾಗ ಹಾಗೂ ಸಿದ್ಧಪಡಿಸುವ ಕ್ರಮಗಳನ್ನು ಕನ್ನಡ, ಮರಾಠಿ, ಕೊಂಕಣಿ ಮೂರರಲ್ಲಿಯೂ ದಾಖಲಿಸುವುದು. ಒಂದೇ ಗಿಡಕ್ಕೆ ಹಲವು ಹೆಸರುಗಳೂ ಒಂದೇ ಹೆಸರಿಗೆ ಹಲವು ಗಿಡಗಳೂ ಇರುವುದರಿಂದ ಗಿಡದ ಮಾದರಿಯೊಡನೆ ಹೆಸರನ್ನು ಜೋಡಿಸದ ದಾಖಲೆ ಅಪಾಯಕಾರಿ. ಎರಡನೆಯದು, ಲೋಳೆಯ ಪ್ರಮಾಣ, ಅಂಟುವ ಶಕ್ತಿ ಹಾಗೂ ಪೊರೆಯ ಮೇಲೆ ಅದು ಉಳಿಯುವ ಅವಧಿಯನ್ನು ಅಳೆಯುವುದು. ಮೂರನೆಯದು, ತೊಗಟೆ ಸುಲಿಯುವುದರಿಂದ ಮರಕ್ಕೆ ಆಗುವ ಹಾನಿಯನ್ನು ಪರಿಗಣಿಸಿ, ಎಲೆ ಅಥವಾ ಕಾಯಿಯಿಂದ ಅದೇ ಫಲ ದೊರೆಯುವುದೇ ಎಂದು ನೋಡುವುದು.

ಉಪಸಂಹಾರ

ಒಟ್ಟಾರೆಯಾಗಿ ಹೇಳುವುದಾದರೆ, ಉಪಶಾಮಕ ದ್ರವ್ಯಗಳ ಪರಂಪರೆಯು ಮೂಢನಂಬಿಕೆಯೂ ಅಲ್ಲ, ಸರ್ವರೋಗಕ್ಕೆ ಮದ್ದೂ ಅಲ್ಲ. ಪೊರೆಯ ಲೋಳೆಗೂ ಸಸ್ಯದ ಲೋಳೆಗೂ ಇರುವ ಸಾಮ್ಯವನ್ನು ಜನ ಕೈಯ ಸ್ಪರ್ಶದಿಂದ ಕಂಡುಕೊಂಡರು. ಶಾಸ್ತ್ರ ಅದಕ್ಕೆ ಹೆಸರಿಟ್ಟಿತು. ಇಂದಿನ ವಿಜ್ಞಾನ ಅದರ ಕಾರಣವನ್ನು ವಿವರಿಸಿತು. ಬಳಸುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು: ದ್ರವ್ಯ ಕೆರಳಿದ ಜಾಗವನ್ನು ಮುಟ್ಟುತ್ತದೆಯೇ, ಸೇವಿಸುವವರ ವಯಸ್ಸು ಮತ್ತು ಆರೋಗ್ಯಕ್ಕೆ ಅದು ಒಗ್ಗುತ್ತದೆಯೇ, ಕೆರಳಿಕೆಯ ಕಾರಣವೇನೆಂಬುದು ತಿಳಿದಿದೆಯೇ. ಮೊದಲನೆಯದಕ್ಕೆ ಮನೆಯ ಹಿರಿಯರ ಅನುಭವ ಬಹುಮಟ್ಟಿಗೆ ಉತ್ತರ ಕೊಡಬಲ್ಲದು. ಉಳಿದೆರಡಕ್ಕೆ ವೈದ್ಯರ ತಪಾಸಣೆ ಬೇಕಾಗುತ್ತದೆ. ಬೂರುಗದ ಅಂಟಾಗಲಿ ಜ್ಯೇಷ್ಠಮಧುವಾಗಲಿ ರೋಗಿಗೆ ಕೊಡುವುದು ಒಂದಿಷ್ಟು ಸಮಾಧಾನದ ಹೊತ್ತನ್ನು. ಆ ಹೊತ್ತಿನಲ್ಲಿ ಕಾರಣವನ್ನು ಹುಡುಕುವ ಕೆಲಸ ನಡೆದಾಗ ಮಾತ್ರ ಶಮನ ಸಾರ್ಥಕವಾಗುತ್ತದೆ.